ಬೀಗ ಬೀಳದ ಬೇಲು

ಶಕುನ, ತಿಥಿ, ಗಾಳಿ ಎಂದರೆ ನಗುವವಳು ನಾನು. ಮುಸಿಮುಸಿ ಅಲ್ಲ, ಎದುರಿಗೇ ನಗುವವಳು. ಬೆಕ್ಕು ಅಡ್ಡ ಹೋಯಿತೆಂದು ಯಾರಾದರೂ ನಿಂತರೆ, ಬೆಕ್ಕಿಗೂ ಅದರದೇ ಕೆಲಸ ಇರುತ್ತದೆ ಎನ್ನುತ್ತಿದ್ದೆ. ಈಗಲೂ ದೊಡ್ಡ ಭಕ್ತೆಯೇನೂ ಆಗಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಆಂಧ್ರದ ಗಡಿಯ ಆದೋನಿಯ ಹತ್ತಿ ಮಿಲ್ಲೊಂದರಲ್ಲಿ ಕಂಡದ್ದನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ನೀವು ನಂಬಲೇಬೇಕೆಂದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಆ ಮಿಲ್ಲಿನ ಕಂಪ್ಯೂಟರ್ ಕೆಲಸವೆಲ್ಲ ನನ್ನದು. ಅಲ್ಲಿ ಹತ್ತಿಯಿಂದ ಬೀಜ ಬೇರೆ ಮಾಡಿ, ಅರಳೆಯನ್ನು ಯಂತ್ರದಲ್ಲಿ ಒತ್ತಿ ಬೇಲು ಕಟ್ಟುತ್ತಾರೆ. ಒಂದು ಲಾರಿಗಾಗುವಷ್ಟು ಬೇಲು ಸೇರಿದರೆ ಒಂದು ಲಾಟು. ಮಿಲ್ಲಿನ ಸಾಹುಕಾರರು ನೋಡಿ ಒಪ್ಪಿದ ಮೇಲೂ ಯಾರೋ ತೂಕ ತಿದ್ದುವುದು, ಈ ಲಾಟಿನ ಬೇಲನ್ನು ಆ ಲಾಟಿಗೆ ಸೇರಿಸುವುದು ಮೊದಲೆಲ್ಲ ನಡೆದೇ ಇತ್ತು. ಅದಕ್ಕೆ ನಾನೊಂದು ಕಟ್ಟು ಮಾಡಿದೆ. ಸಾಹುಕಾರರು ಲಾಟಿಗೆ ‘ಒಪ್ಪಿಗೆ’ ಒತ್ತಿದ ಕೂಡಲೇ ಆ ಲಾಟಿಗೂ, ಅದಕ್ಕೆ ಸೇರಿದ ಪ್ರತಿ ಬೇಲಿಗೂ ಕಂಪ್ಯೂಟರಿನಲ್ಲಿ ಬೀಗ ಬೀಳಬೇಕು. ಅವರೇ ಒಪ್ಪಿಗೆ ಹಿಂದಕ್ಕೆ ತೆಗೆದ ಹೊರತು ಆಮೇಲೆ ಯಾರೂ ಒಂದಕ್ಷರ ತಿದ್ದುವಂತಿಲ್ಲ. ಎಲ್ಲದಕ್ಕೂ ಬೀಗ ಬಿದ್ದರೆ ಮಾತ್ರ ಲಾರಿಗೆ ಗೇಟ್‌ಪಾಸ್. ಈ ಕಟ್ಟು ಅಲ್ಲಿಯವರೆಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಅಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ದೀಪ ಹಚ್ಚಿದ ಮೇಲೆ ಮಾಲು ಗೇಟು ದಾಟಬಾರದು ಎಂಬುದು ನಮ್ಮ ಬಸಪ್ಪ ಸಾಹುಕಾರರ ತಾತನ ಕಾಲದಿಂದ ಬಂದ ಪದ್ಧತಿ. ಲಾರಿ ನಮ್ಮ ಅಣ್ಣನದು. ಗುಂಟೂರಿಗೆ ಹೊರಟಿದ್ದವನು, ದಾರಿಯಲ್ಲಿ ಗೋನೆಗಂಡ್ಲದ ತವರಿಗೆ ಬಿಡಲೆಂದು ಬಸುರಿ ಅತ್ತಿಗೆಯನ್ನೂ ಕರೆತಂದಿದ್ದ. “ಅಮಾಸಿ ದಿನಾ ಬಸರಿ ಹೆಣ್ಮಗಳನ್ನ ಹೊರಗ ಕಳಸ್ತಾರೇನ?” ಎಂದು ಅವ್ವ ಬೆಳಿಗ್ಗೆಯೇ ತಕರಾರು ತೆಗೆದಿದ್ದಳು. ನಾನೇ ನಕ್ಕು ಅವಳ ಬಾಯಿ ಮುಚ್ಚಿಸಿ, ಅತ್ತಿಗೆಯ ಚೀಲವನ್ನು ಲಾರಿಗೆ ಎತ್ತಿಕೊಟ್ಟಿದ್ದೆ.

ಪ್ರತಿ ಅಮಾವಾಸ್ಯೆಗೆ ಬೇಲು ಒತ್ತುವ ಯಂತ್ರ ನಿಲ್ಲಿಸಿ, ಕುಂಬಳಕಾಯಿ ಒಡೆದು, ಕೆಂಡದ ಮೇಲೆ ಲೋಬಾನ ಹಾಕಿ ಯಂತ್ರದ ಸುತ್ತ ಹೊಗೆ ತೋರಿಸುತ್ತಾರೆ. ಅಂದು ಲಾಟಿಗೆ ಇನ್ನೂ ಕೆಲವು ಬೇಲು ಕಡಿಮೆ ಇದ್ದವು. ಹೊತ್ತಾಗುತ್ತದೆ ಎಂದು ಯಂತ್ರ ನಿಲ್ಲಿಸದೆಯೇ ಪೂಜೆ ಮುಗಿಸಿದರಂತೆ. ಆಫೀಸಿನಲ್ಲಿ ಕೂತಿದ್ದ ನನಗೆ ಇದು ಗೊತ್ತಾದದ್ದು ಆಮೇಲೆ.

ಇಳಿಹೊತ್ತಿಗೆ ಲಾರಿ ತುಂಬಿತು. ಸಾಹುಕಾರರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಒಪ್ಪಿಗೆ ಒತ್ತಿದರು. ಪರದೆಯ ಮೇಲೆ ಬೇಲುಗಳ ಸಾಲು ಒಂದೊಂದೇ ಬೂದುಬಣ್ಣಕ್ಕೆ ತಿರುಗಿತು. ಬೂದುಬಣ್ಣ ಬಂದರೆ ಬೀಗ ಬಿದ್ದಂತೆ. ಒಂದೇ ಒಂದು ಬೇಲು ಬೆಳ್ಳಗೆ ಉಳಿಯಿತು.

ಒಪ್ಪಿಗೆ ಹಿಂದಕ್ಕೆ ತೆಗೆಸಿ ಮತ್ತೆ ಒತ್ತಿಸಿದೆ. ಅದೊಂದೇ ಬೆಳ್ಳಗೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಮತ್ತೆ ಅದೇ. ನನ್ನ ಅಧಿಕಾರದಿಂದ ಒಳಹೊಕ್ಕು ಆ ಬೇಲಿಗೆ ಕೈಯಾರೆ ಬೀಗ ಹಾಕಿದೆ. ಹಾಕಿದ್ದಾಯಿತು ಎಂದು ಉತ್ತರವೂ ಬಂತು. ತಿರುಗಿ ನೋಡಿದರೆ ಬೀಗವಿಲ್ಲ. ನನಗೆ ಹೆದರಿಕೆಯಲ್ಲ, ಅವಮಾನವಾಯಿತು.

ಅಣ್ಣ ಬಾಗಿಲಿಗೆ ಬಂದು ನಿಂತ. “ಒಂದು ಬೇಲಿಗೆ ಲಾರಿ ನಿಂದರಸ್ತೀಯೇನವಾ? ನಿನ್ನ ಕಂಪ್ಯೂಟರಿಗೆ ಬೆಂಕಿ ಹಚ್ಚ!”

“ಹೊತ್ತು ಮುಣಗಾಕ ಬಂದೈತಮ್ಮಾ,” ಎಂದರು ಸಾಹುಕಾರರು. “ಪಾಸು ಕೈಲೆ ಬರದು ಕೊಟ್ಟುಬಿಡು. ನಾಳೆ ನೋಡಿದರಾತು.”

ಬರೆದುಕೊಡಬಹುದಿತ್ತು. ಪೆನ್ನು ಕೈಗೆ ತೆಗೆದುಕೊಂಡೂ ಇದ್ದೆ. ಯಾಕೆ ಬರೆಯಲಿಲ್ಲ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಒಳಗಿನಿಂದ ಯಾವ ದನಿಯೂ ಕೇಳಲಿಲ್ಲ, ಮೈ ಜುಮ್ಮೆನ್ನಲಿಲ್ಲ. ನಾನು ಮಾಡಿದ ಕಟ್ಟನ್ನು ನಾನೇ ಮುರಿಯುವುದೇ ಎಂಬ ಹಟ, ಅಷ್ಟೇ. “ಆ ಬೇಲು ಇಳಿಸಿಬಿಡ್ರಿ, ಉಳಿದವು ಹೋಗ್ಲಿ,” ಎಂದೆ.

ಒಪ್ಪಿಗೆಯಾದ ಲಾಟಿನಿಂದ ಒಂದು ಬೇಲನ್ನು ಹೊರಗೆ ತೆಗೆಯಲು ಬೀಗ ಬಿಡುವುದಿಲ್ಲ. ಆದರೆ ಬೀಗವಿಲ್ಲದ್ದು ಅದೊಂದೇ. ಬೇರೆ ಯಾವುದನ್ನು ಮುಟ್ಟಿದರೂ ಆಗುವುದಿಲ್ಲ ಎನ್ನುತ್ತಿದ್ದ ಕಂಪ್ಯೂಟರ್, ಅದನ್ನು ತೆಗೆ ಎಂದೊಡನೆ ತೆಗೆಯಿತು. ಗೇಟ್‌ಪಾಸ್ ಹೊರಬಂತು.

ಕೊನೆಗೆ ಒತ್ತಿದವನ್ನೇ ಮೊದಲು ಲಾರಿಗೆ ಏರಿಸಿದ್ದರು. ಆ ಬೇಲು ಇದ್ದದ್ದು ಕ್ಯಾಬಿನ್ನಿನ ಬೆನ್ನಿಗೆ, ತಳದಲ್ಲಿ. ಮೇಲಿನವನ್ನು ಸರಿಸಿ ಅದನ್ನು ಅಂಗಳಕ್ಕೆ ಉರುಳಿಸುವಷ್ಟರಲ್ಲಿ ಹಮಾಲರು ನನ್ನ ವಂಶವನ್ನೆಲ್ಲ ತೆಲುಗಿನಲ್ಲಿ ನೆನೆದರು. ಮತ್ತೆ ಸರಕು ಜೋಡಿಸಿ, ಅಣ್ಣ ಹಗ್ಗ ಬಿಗಿಯುತ್ತಿದ್ದ. ಕ್ಯಾಬಿನ್ನಿನಲ್ಲಿ ಕೂತಿದ್ದ ಅತ್ತಿಗೆ ನನ್ನತ್ತ ಕೈ ಬೀಸಿದಳು.

ಆಗ ಹಮಾಲನೊಬ್ಬ ಕೂಗಿದ: “ಅಮ್ಮಾ, ಪೊಗ! ಪೊಗ ವಸ್ತಾಂದಿ!”

ಅಂಗಳದ ಬೇಲಿನ ಮಗ್ಗುಲಿನಿಂದ ಎಳೆಯಾಗಿ ಹೊಗೆ ಏಳುತ್ತಿತ್ತು. ನೀರು ಸುರಿದು ಕಟ್ಟು ಕತ್ತರಿಸಿದರೆ ಒಳಗೆಲ್ಲ ನಿಗಿನಿಗಿ ಕೆಂಡ. ಗಾಳಿ ತಗುಲಿದ್ದೇ ತಡ, ಭಗ್ಗೆಂದು ಆಳೆತ್ತರ ಉರಿಯಿತು. ಲೋಬಾನದ ಕಿಡಿಯೊಂದು ಅರಳೆಗೆ ಬಿದ್ದು, ಒತ್ತಿಸಿಕೊಂಡು, ಹೊರಗೆ ಏನೂ ಕಾಣದಂತೆ ಒಳಗೊಳಗೇ ಬೇಯುತ್ತಿತ್ತು. ಲಾರಿಯ ಉಳಿದ ಬೇಲನ್ನೆಲ್ಲ ಇಳಿಸಿ ನೋಡಿದರು. ಎಲ್ಲ ತಣ್ಣಗಿದ್ದವು.

ಅತ್ತಿಗೆಯನ್ನು ನಾನೇ ಕೆಳಗಿಳಿಸಿದೆ. ಅವಳ ಬೆನ್ನು ಒರಗಿದ್ದ ತಗಡಿನ ಆಚೆಗೇ ಅದು ಇದ್ದದ್ದು. ಅಣ್ಣ ಬೆಂಕಿಯನ್ನು ನೋಡಿದ, ನನ್ನನ್ನು ನೋಡಿದ, ಚಕ್ರದ ಪಕ್ಕ ಕುಕ್ಕರಿಸಿದ. ನನಗೆ ಅಳು ಬಂತು. ಅವನೆದುರು ನಾನು ಅತ್ತದ್ದು ಅದೇ ಮೊದಲು.

ಆಮೇಲೆ ಅದೇ ಲಾಟಿನ ನಕಲು ಮಾಡಿಕೊಂಡು ಎಷ್ಟು ಸಲ ಒಪ್ಪಿಗೆ ಒತ್ತಿ ನೋಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಎಲ್ಲ ಬೇಲಿಗೂ, ಅದಕ್ಕೂ, ಬೀಗ ಬಿತ್ತು. ಬಲ್ಲವರಿಗೆ ತೋರಿಸಿದೆ. ಕಂಪ್ಯೂಟರಿಗೆ ಎರಡು ಕೆಲಸ ಒಟ್ಟಿಗೆ ಬಿದ್ದಾಗ ಒಂದು ತಪ್ಪಿಹೋಗುವುದುಂಟು ಎಂದರು. ಇರಬಹುದು. ಒಂದು ಬೇಲು ಯಾಕೆ ತಪ್ಪಿತು ಎಂಬುದಕ್ಕೆ ಅದು ಉತ್ತರ. ಅದೇ ಬೇಲು ಯಾಕೆ ಎಂಬುದಕ್ಕಲ್ಲ. ದೇವರು ಉರುಕುಂದ ಈರಣ್ಣನೇ ಕಾಯ್ದ ಎಂದಳು ಅವ್ವ. ಈ ಸಲ ನಾನು ನಗಲಿಲ್ಲ, ಹೌದೆಂದೂ ಅನ್ನಲಿಲ್ಲ.

ಅತ್ತಿಗೆಯ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅಣ್ಣ ಲಾರಿ ತೆಗೆಯುವ ಮುನ್ನ ಈಗಲೂ ಆಫೀಸಿನೊಳಕ್ಕೆ ಇಣುಕಿ, “ಎಲ್ಲಾದಕ್ಕೂ ಬೀಗ ಬಿದ್ದೈತೇನವಾ?” ಎಂದು ಕೇಳಿಯೇ ಹೋಗುತ್ತಾನೆ. ಸಾಹುಕಾರರು ಮಾತ್ರ ಆಗಾಗ, “ಆವತ್ತಿಂದು ಅದೇನ್ ತಪ್ಪಿತ್ತು, ಸರಿ ಮಾಡಿದೇನಮ್ಮಾ?” ಎನ್ನುತ್ತಾರೆ.

“ಹುಡುಕಾಕತ್ತೀನ್ರಿ,” ಎನ್ನುತ್ತೇನೆ. ಹುಡುಕುವುದನ್ನು ಯಾವಾಗಲೋ ಬಿಟ್ಟಿದ್ದೇನೆ. ಆ ತಪ್ಪು ಸಿಕ್ಕಿಬಿಟ್ಟರೆ ಸರಿ ಮಾಡಬೇಕಾಗುತ್ತದಲ್ಲ, ಆ ಧೈರ್ಯ ನನಗಿಲ್ಲ.