ಬಸ್ಸಿಗೊಂದು ಹೊಸಿಲು

ಐವತ್ತರ ದಶಕದಲ್ಲಿ ನಾನು ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುತ್ತಿದ್ದ ಬಸ್ಸಿನ ಡ್ರೈವರಿಗೆ ಒಂದು ಅಭ್ಯಾಸವಿತ್ತು. ಟಯರು, ತೆಂಗಿನಕಾಯಿ, ಯಾರದೋ ಟ್ರಂಕು, ಏನು ಕಂಡರೂ ಗುದ್ದಿ ನೋಡಿ, "ಗಟ್ಟಿ ಉಂಟು ಮಾರಾಯ್ರೆ" ಎನ್ನುತ್ತಿದ್ದರು. ಬಸ್ಸಿನ ಮೆಟ್ಟಿಲು ಮುರಿದಾಗ ಮರದಂಗಡಿಯ ಹಲಗೆಗಳನ್ನೆಲ್ಲ ಗುದ್ದಿ, ಯಾವುದೂ ಒಪ್ಪಿಗೆಯಾಗದೆ, ಕೆಡವಿದ ಮನೆಯೊಂದರ ಹೊಸಿಲನ್ನೇ ತಂದು ಜೋಡಿಸಿದರು. ಅದರ ಅರಸಿನದ ಕಲೆ ಕೂಡ ಹೋಗಿರಲಿಲ್ಲ.

ಮರುದಿನ ಮೀನಿನ ಬುಟ್ಟಿಯ ಅಜ್ಜಿ ಎತ್ತಿದ ಕಾಲನ್ನು ಕೆಳಗಿಟ್ಟಳು. "ಇದು ಹೊಸಿಲಲ್ವಾ ಮಗಾ? ಮೆಟ್ಟುವುದು ಹೇಗೆ?" ಎಂದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದಿದ್ದವರೂ ಹಾಗೆಯೇ ಮಾಡಿದರು. ಅದನ್ನು ದಾಟಿ ಒಳಗಿಡುವಷ್ಟು ಉದ್ದದ ಕಾಲು ಮಾತ್ರ ಯಾರಿಗೂ ಇರಲಿಲ್ಲ.

ಡ್ರೈವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕೈಹಿಡಿದು ಮೇಲಕ್ಕೆಳೆದರು. ಒಳಗೆ ಬಂದ ಅಜ್ಜಿ ಅವರ ತೋಳಿಗೊಂದು ಗುದ್ದಿ ನೋಡಿದಳು.

"ಗಟ್ಟಿ ಉಂಟು ಮಾರಾಯ."