ಹೊಳೆಯಿಂದ ವಾಪಸು ಬಂದ ಗಾದಿಗಳು

ಅವರ ಎಡಗಿವಿಯ ರೋಮಕ್ಕೆ ಯಾವಾಗಲೂ ಒಂದು ಎಳೆ ಅರಳೆ ಅಂಟಿಕೊಂಡಿರುತ್ತಿತ್ತು. ಮಾತಾಡುವಾಗ ಅದು ಅಲುಗುತ್ತಿತ್ತು; ಬೈಯುವಾಗ ಇನ್ನೂ ಹೆಚ್ಚು ಅಲುಗುತ್ತಿತ್ತು. ಕಿತ್ತು ಹಾಕಬೇಕೆಂದು ನನ್ನ ಬೆರಳು ತುರಿಸುತ್ತಿದ್ದವು.

ಇಷ್ಟು ಬರೆದು ಓದಿ ನೋಡಿದೆ. ಅನುಮಾನ ಬಂತು. ಯಾವಾಗಲೂ ಹೇಗೆ ಇದ್ದೀತು? ಶುಕ್ರವಾರ ಅವರು ಮಿಂದು, ಅತ್ತರು ಹಚ್ಚಿಕೊಂಡು ನಮಾಜಿಗೆ ಹೋಗುತ್ತಿದ್ದರು. ಭಾನುವಾರ ಹೊಳೆಯಲ್ಲಿ ಸೊಂಟದ ಮಟ ನೀರಿನಲ್ಲಿ ನಿಂತಿರುತ್ತಿದ್ದರು. ಆಗೆಲ್ಲ ಅರಳೆ ಎಲ್ಲಿಂದ ಬರಬೇಕು? ಹೆಂಡತಿಯನ್ನು ಕೇಳಿದೆ. "ಅರಳಿ ಎಲ್ಲೀದರಿ, ಅವರ ಕಿವಿ ಕೂದಲಾ ಬೆಳ್ಳಗಿದ್ದೂ" ಎಂದಳು. ಇರಬಹುದು. ಈ ಬರಹದಲ್ಲಿ ಇಂಥ ತಕರಾರು ಇನ್ನೂ ಬರುತ್ತವೆ. ನನ್ನ ನೆನಪಿಗೆ ನಾನೇ ಸಾಕ್ಷಿ ಎಂಬುದು ನನಗೆ ಸಮಾಧಾನದ ವಿಷಯವಲ್ಲ.

ರಾಮದುರ್ಗದಲ್ಲಿ ನಮ್ಮ ಓಣಿಯ ತಿರುವಿಗೆ, ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಗೆ ಮುಖ ಮಾಡಿ ಅವರ ಅಂಗಡಿ ಇತ್ತು. ಅರಳೆ ಹಿಂಜಿ ಗಾದಿ ಹೊಲಿಯುವುದು ಅವರ ಮನೆತನದ ಕೆಲಸ. ಊರಿಗೆಲ್ಲ ಅವರು ಗಾದಿ ಕಾಕಾ. ನಾನು ಕಟಕೋಳದ ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಭಾನುವಾರ ಮಲಪ್ರಭೆಯ ದಂಡೆ ಸ್ವಚ್ಛ ಮಾಡುವ ತಂಡವನ್ನು ಕಟ್ಟಿದವನು ನಾನು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎರಡನೇ ವಾರದ ನಂತರ ಯಾರೂ ಹಾಗೆ ಹೇಳಲಿಲ್ಲ.

ಮೊದಲ ಭಾನುವಾರ ಅವರು ಕರೆಯದೆ ಬಂದರು. ಹಳೆಯ ಸೈಕಲ್ಲನ್ನು ಜಾಲಿಗಿಡಕ್ಕೆ ಒರಗಿಸಿ ನಮ್ಮನ್ನು ಎಣಿಸಿದರು.

"ಎಷ್ಟ ಮಂದಿ ಬಂದೀರಿ ಸರ?"

"ಹನ್ನೊಂದು, ಕಾಕಾ."

"ಗಾಡಿ?"

ನಾನು ತಿರುಗಿ ನೋಡಿದೆ. ಒಂಬತ್ತು ಮೋಟರ್‌ಸೈಕಲ್ಲು ಸಾಲಾಗಿ ನಿಂತಿದ್ದವು.

"ನಮ್ಮ ಆಡು ದಿನಾ ಮುಂಜಾನೆ ನಡಕೊಂಡ ಬಂದು ನೀರ ಕುಡದು ಹೋಗತೈತ್ರಿ. ಪಾಪ, ಅದು ನಿಮ್ಮಷ್ಟ ಸಾಲಿ ಕಲತಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು. ಅವತ್ತು ಎರಡು ಟ್ರ್ಯಾಲಿ ಕಸ ತೆಗೆದೆವು. ಕೆಲಸ ಮುಗಿದ ಮೇಲೆ ನಮ್ಮಲ್ಲೇ ಒಬ್ಬ, ಔಷಧಿ ಅಂಗಡಿಯವನು, ತನ್ನ ಗಾಡಿಯನ್ನು ಸೀದಾ ನೀರಿಗಿಳಿಸಿ ಸೋಪಿನ ಪುಡಿ ಹಾಕಿ ತಿಕ್ಕತೊಡಗಿದ. ಹೊಳೆ ಸ್ವಚ್ಛವಾಯಿತಲ್ಲ, ಇನ್ನು ಗಾಡಿ. ಕಾಕಾ ನೀರಿಗಿಳಿದು, ಕೀಲಿ ಕಿತ್ತುಕೊಂಡು, ಜುಬ್ಬಾದ ಕಿಸೆಗೆ ಹಾಕಿಕೊಂಡು ಹೊರಟೇ ಹೋದರು. ಅವನು ಗಾಡಿ ತಳ್ಳಿಕೊಂಡು ಮನೆಗೆ ಹೋದ. ಕೀಲಿ ಸಿಕ್ಕಿದ್ದು ಮುಂದಿನ ಭಾನುವಾರ, ಅವನು ತಂಗಿಯ ಸೈಕಲ್ ಹತ್ತಿಕೊಂಡು ಬಂದ ಮೇಲೆ. ಅಂದಿನಿಂದ ಹೊಳೆಗೆ ಗಾಡಿ ತರಬಾರದು ಎಂಬುದು ತಂಡದ ಕಾಯಿದೆ ಆಯಿತು. ಕಾಯಿದೆ ಮಾಡಿದವರು ಯಾರು, ಯಾವ ಅಧಿಕಾರದಿಂದ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಭಾನುವಾರಕ್ಕೆ ಮುಗಿದಿದ್ದರೆ ಸಹಿಸಬಹುದಿತ್ತು. ಶಾಲೆಗೆ ಹೋಗಲು ನಾನು ಅವರ ಅಂಗಡಿಯ ಮುಂದೆಯೇ ಹಾಯಬೇಕು. ಗಾಡಿಯ ಸದ್ದು ಕೇಳಿದರೆ ಸಾಕು, ಒಳಗಿನಿಂದ ಕೂಗು: "ಸರ, ಹೊಳಿಗೆ ಕೆಮ್ಮ ಬಂದೈತ್ರಿ!" ಆಮೇಲೆ ತಾವೇ ಕೆಮ್ಮಿ ತೋರಿಸುವರು. ಹೋಟೆಲಿನ ಮುಂದೆ ಕುಂತವರೂ ಕೆಮ್ಮಲು ಕಲಿತರು. ಎರಡು ತಿಂಗಳು ತಡೆದು, ಕೊನೆಗೆ ಮನೆಯಿಂದ ಸ್ಟ್ಯಾಂಡಿಗೆ ಸೈಕಲ್, ಅಲ್ಲಿಂದ ಕಟಕೋಳಕ್ಕೆ ಬಸ್ ಎಂದು ಮಾಡಿಕೊಂಡೆ. ವಾರಕ್ಕೊಮ್ಮೆ ಬಸ್ ತಪ್ಪುತ್ತಿತ್ತು. ಹೆಡ್‌ಮಾಸ್ತರರು ಗಡಿಯಾರ ನೋಡುತ್ತಿದ್ದರು. ಪರಿಸರದ ಮೇಲೆ ನನಗಿದ್ದ ಪ್ರೀತಿಯೆಲ್ಲ ಆ ದಿನಗಳಲ್ಲೇ ಹೋಯಿತು. ಅಭ್ಯಾಸ ಮಾತ್ರ ಉಳಿಯಿತು.

ಈಗ ಗಾದಿಯ ವಿಷಯ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಅವರು ಮಲಗಿದ್ದ ಗಾದಿ, ಹಾಸಿಗೆ, ಉಟ್ಟ ಬಟ್ಟೆ ಹೊಳೆಗೆ ಬಿಡುತ್ತಾರೆ. ನೆನೆದ ಗಾದಿ ಎಂದರೆ ಸತ್ತ ಎಮ್ಮೆಯ ಭಾರ. ನಾಲ್ಕು ಜನ ಎಳೆದು ದಂಡೆಗೆ ಹಾಕಿದರೆ ಕಾಕಾ ಕುಕ್ಕರಗಾಲಲ್ಲಿ ಕುಳಿತು ಮೂಲೆ ಹುಡುಕುವರು. ಅವರು ಹೊಲಿದ ಪ್ರತಿ ಗಾದಿಯ ಒಂದು ಮೂಲೆಗೆ ಕೆಂಪು ದಾರದ ಗಂಟು ಇರುತ್ತಿತ್ತು. ಗಂಟು ಸಿಕ್ಕಿತೋ, ಬಟ್ಟೆಯ ಹೂವು ನೋಡಿ, ಇದು ಯಾರ ಮನೆಯದು ಎಂದು ಹೇಳಿಬಿಡುವರು.

"ಹೊಳ್ಯಾಗ ಹಾಕಾಕ ನಾ ಹೊಲದಿದ್ದೆನೇನ್ರಿ ಇದನ್ನ? ಅರಳಿಗೆ ಸೂತಕ ಇಲ್ಲರಿ. ಹಿಂಜಿದ್ರ ಮತ್ತ ಹುಟ್ಟತೈತಿ."

ಹೇಳಿ ಸುಮ್ಮನಾಗಿದ್ದರೆ ಅದೊಂದು ಒಳ್ಳೆಯ ಮಾತಾಗಿ ಉಳಿಯುತ್ತಿತ್ತು. ಆದರೆ ಒಮ್ಮೆ ಸಿಕ್ಕ ಗಾದಿ ನಮ್ಮ ಹೆಡ್‌ಮಾಸ್ತರರ ತಂದೆಯದು. ಕಾಕಾ ಅದನ್ನು ನಾಲ್ಕು ದಿನ ಹೊಳೆಯ ಬಂಡೆಯ ಮೇಲೆ ಒಣಗಿಸಿ, ಸುರುಳಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅವರ ಮನೆಗೆ ನಡೆದರು. ಅವತ್ತು ಅಲ್ಲಿ ತೀರಿಕೊಂಡವರ ದಿನದ ಊಟ. ಗೋಧಿ ಹುಗ್ಗಿ ಬಡಿಸುತ್ತಿದ್ದರು. ನಾನು ಪಂಕ್ತಿಯಲ್ಲಿ ಕುಳಿತಿದ್ದೆ.

"ಹೆಡ್‌ಮಾಸ್ತರ್ರ, ನಿಮ್ಮ ಅಪ್ಪಾರ ಗಾದಿ ಹೊಳ್ಯಾಗ ಸಿಕ್ಕೈತ್ರಿ. ಬಿಸಲಿಗೆ ಹಾಕಿ ತಂದೇನಿ. ಸ್ವಲ್ಪ ವಾಸನಿ ಐತಿ, ಹೋಗತೈತಿ."

ತುತ್ತು ಎತ್ತಿದ ಕೈಗಳು ಹಾಗೇ ನಿಂತವು. ಹೆಡ್‌ಮಾಸ್ತರರ ಮುಖ ಕೆಂಪಾಯಿತು. "ತಗೊಂಡ ಹೋಗೋ ಮಾರಾಯಾ! ಏನರ ಮಾಡಕೋ!"

"ಏನರ ಮಾಡಕೋ ಅಂದ್ರಿ. ಎಲ್ಲಾರೂ ಕೇಳ್ಯಾರ್ರಿ" ಎಂದು ಕಾಕಾ ಪಂಕ್ತಿಯನ್ನು ನೋಡಿದರು. ಆಮೇಲೆ ನನ್ನನ್ನು ಗುರುತಿಸಿ, "ಸರ, ನೀವೂ ಇಲ್ಲೇ ಅದೀರಿ? ಛಲೋ ಆತು" ಎಂದರು. ಆ ಹುಗ್ಗಿಯನ್ನು ನಾನು ಹೇಗೆ ನುಂಗಿದೆ ಎಂದು ಕೇಳಬೇಡಿ.

ಅಲ್ಲಿಂದ ಹೊಸ ಹುಚ್ಚು ಶುರುವಾಯಿತು. ಹೊಳೆಗೆ ಹಾಕಬೇಡಿ, ನನಗೆ ಕೊಡಿ ಎಂದು ಸಾವಾದ ಮನೆಗಳಿಗೆ ಹೋಗಿ ಹೇಳತೊಡಗಿದರು. ಕೆಲವರು ಕೊಟ್ಟರು. ಆ ಅರಳೆಯಿಂದ ಸೈಕಲ್ಲಿನ ಕ್ಯಾರಿಯರ್ ಮೇಲೆ ಕಟ್ಟುವ ಸಣ್ಣ ಗಾದಿ ಹೊಲಿದು, ಗಾಡಿ ಬಿಟ್ಟು ಸೈಕಲ್ ಹಿಡಿದವರಿಗೆ ಪುಕ್ಕಟೆ ಕೊಡುವುದು ಅವರ ಯೋಜನೆ. "ಹೆಣ್ಮಕ್ಕಳು ಸೈಕಲ್ ಮ್ಯಾಲ ಯಾಕ ಕುಂಡ್ರೂದಿಲ್ಲ? ಕಬ್ಬಣ ಒತ್ತತೈತಿ. ಮೆತ್ತಗ ಮಾಡಿದ್ರ ಕುಂಡ್ರತಾರ." ಕೊಡುವಾಗ ಇದು ಯಾರ ಗಾದಿಯ ಅರಳೆ ಎಂಬುದನ್ನೂ ತಪ್ಪದೆ ಹೇಳುವರು. ಹೇಳಬೇಡಿ ಎಂದು ಎಷ್ಟು ಬೇಡಿಕೊಂಡೆ. "ಮುಚ್ಚಿಟ್ಟು ಕೊಡಾಕ ಇದೇನ್ ಲಂಚೇನ್ರಿ?"

ಅರಳೆಯ ಚೀಲಗಳನ್ನು ಇಟ್ಟದ್ದು ನಮ್ಮ ಮನೆಯಲ್ಲಿ. ಹೌದು, ನಮ್ಮ ಹಿತ್ತಲ ಕೋಣೆಯಲ್ಲಿ.

"ನನ್ನ ಅಂಗಡ್ಯಾಗ ಬ್ಯಾಡ್ರಿ ಸರ. ನಾ ಮಂದೀ ಮದವಿ ಗಾದಿ ಹೊಲಿಯಾಂವ. ಎರಡೂ ಅರಳಿ ಒಂದ ಛಪ್ಪರದ ಕೆಳಗ ಇರಬಾರದು. ಬೀಗ ನೀವ ಹಾಕ್ರಿ, ಕೀಲಿ ನೀವ ಇಟಗೋರಿ. ನಾಳೆ ಯಾರರ ಕೇಳಿದ್ರ ಹೇಳಾಕ ಒಬ್ಬರು ಬೇಕು."

ಅಂಗಡಿಯ ಮಿಷನ್ನಿಗೂ ಅದು ತಾಗಬಾರದೆಂದು, ಕಾಕಾ ತಮ್ಮ ಅಪ್ಪನ ಕಾಲದ ಹಿಂಜುವ ಬಿಲ್ಲು ತಂದು ನಮ್ಮ ಹಿತ್ತಲಲ್ಲೇ ಹಿಂಜುತ್ತಿದ್ದರು. ಇಡೀ ಮಧ್ಯಾಹ್ನ ಟಂಯ್ ಟಂಯ್. ಸಾರಿನಲ್ಲಿ ಅರಳೆ, ಉತ್ತರಪತ್ರಿಕೆಯ ಮೇಲೆ ಅರಳೆ. ನೆರೆಯವರು ಕೇಳಿದರೆ ಹಳೆಯ ಗಾದಿ ರಿಪೇರಿ ಎನ್ನುತ್ತಿದ್ದೆ.

ನನ್ನ ತಾಯಿ ತೀರಿಕೊಂಡಾಗ ಅವಳ ಗಾದಿಯನ್ನು ನಾನೇ ಕೋಣೆಗೆ ಒಯ್ದಿಟ್ಟೆ. ಆದರ್ಶ ಎಂದುಕೊಳ್ಳಬೇಡಿ. ಹೊಳೆಗೆ ಬಿಟ್ಟಿದ್ದರೆ ಆ ಮನುಷ್ಯ ಕೆಂಪು ಗಂಟು ಹಿಡಿದು ಬಾಗಿಲಿಗೆ ಬರುತ್ತಿದ್ದರು, ಅದಕ್ಕೆ. ಬಂಧುಗಳಿಗೆ ಹೊಳೆಗೆ ಬಿಟ್ಟೆ ಎಂದು ಹೇಳಿದೆ. ಹದಿನೈದು ದಿನದಲ್ಲಿ ನನ್ನ ಕ್ಯಾರಿಯರ್ ಮೇಲೆ ನೀಲಿ ಹೂವಿನ ಸಣ್ಣ ಗಾದಿ ಬಂತು. ಹೆಂಡತಿಯನ್ನು ಸಂತೆಗೆ ಕರೆದೊಯ್ಯುವಾಗ ಅಳುಕುತ್ತ ವಿಷಯ ಹೇಳಿದೆ. ಅವಳು ಗಾದಿಯನ್ನು ಒಮ್ಮೆ ಒತ್ತಿ ನೋಡಿದಳು.

"ಅತ್ತಿ ಇಷ್ಟ ವರ್ಷ ನನ್ನ ತಲಿ ಮ್ಯಾಲ ಕುಂತಿದ್ರು. ಈಗ ನಾ ಅವರ ಮ್ಯಾಲ ಕುಂಡ್ರತೇನಿ. ನಡೀರಿ."

ಇನ್ನು ಹೇಳಬೇಕಾದ್ದನ್ನು ಸ್ಟಾಫ್ ರೂಮಿನಲ್ಲಿ ಬೇರೆ ಥರ ಹೇಳಿದ್ದೇನೆ. ಅಲ್ಲಿ ಹೇಳಿದ್ದು ಸುಳ್ಳು.

ನಮ್ಮ ಓಣಿಯ ಬಳೆ ಅಂಗಡಿಯಾಕೆ ಮಗಳ ಮದುವೆಗೆಂದು ಕಾಕಾನ ಹತ್ತಿರ ಎರಡು ಗಾದಿ ಮಾಡಿಸಿದ್ದಳು. ಅಷ್ಟರಲ್ಲಿ ಊರಿನಲ್ಲಿ ಮಾತು ಹಬ್ಬಿತ್ತು: ಗಾದಿ ಕಾಕಾ ಸತ್ತವರ ಅರಳೆಯನ್ನು ಹಿಂಜಿ ಹೊಸ ಗಾದಿಗೆ ತುಂಬುತ್ತಾನೆ. ಒಂದು ಮಧ್ಯಾಹ್ನ ನಾನು ಬಸ್ಸಿಳಿದು ಸೈಕಲ್ ಮೇಲೆ ಬರುತ್ತಿದ್ದಾಗ ಅವರ ಅಂಗಡಿಯ ಮುಂದೆ ಜನ ಸೇರಿದ್ದರು. ಬಳೆ ಅಂಗಡಿಯಾಕೆ ಗಾದಿಗಳನ್ನು ವಾಪಸು ತಂದಿದ್ದಳು.

"ಸಿಟ್ಟಾಗಬ್ಯಾಡ್ರಿ ಕಾಕಾ. ಬೀಗರು ಕೇಳಾಕ ಹತ್ಯಾರ, ಇದರಾಗ ಏನ್ ತುಂಬೀರಿ ಅಂತ."

"ಹೊಸಾ ಅರಳೀವಾ. ಯರಗಟ್ಟಿಯಿಂದ ತಂದದ್ದು."

"ನಾ ಒಲ್ಲೆ ಅನ್ನೂದಿಲ್ಲ. ಹಂಗಂತ ಹೇಳಾವ್ರ ಯಾರರ ಅದಾರೇನು?"

ಗುಂಪಿನಲ್ಲಿದ್ದ ಹೆಡ್‌ಮಾಸ್ತರರು ತಣ್ಣಗೆ ಅಂದರು: "ಹಿಂಜಿದ್ರ ಮತ್ತ ಹುಟ್ಟತೈತಿ ಅಂತ ತಾನ ಹೇಳತಾನಲ್ಲ."

ಕಾಕಾ ತಲೆ ಎತ್ತಿ ನನ್ನನ್ನು ನೋಡಿದರು. ಸತ್ತವರ ಅರಳೆ ನನ್ನ ಮನೆಯಲ್ಲಿದೆ, ಕೀಲಿ ನನ್ನ ಹತ್ತಿರ ಇದೆ, ಸೈಕಲ್ಲಿನ ಗಾದಿಗಳಿಗಲ್ಲದೆ ಒಂದು ಹಿಡಿಯೂ ಹೊರಗೆ ಹೋಗಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಊರಿನ ಅರ್ಧ ಸಾವುಗಳು ನನ್ನ ಹಿತ್ತಲಲ್ಲಿವೆ, ಅದರಲ್ಲಿ ನನ್ನ ತಾಯಿಯೂ ಇದ್ದಾಳೆ, ಅವಳ ಗಾದಿಯ ಮೇಲೆ ನಾವು ಕಾಯಿಪಲ್ಲೆಯ ಚೀಲ ಇಡುತ್ತೇವೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಸ್ಟಾಫ್ ರೂಮಿನ ಕಥೆಯಲ್ಲಿ ನಾನು ಜನರನ್ನು ಸರಿಸಿ ಮುಂದೆ ಹೋಗುತ್ತೇನೆ. ಓಣಿಯಲ್ಲಿ ನಾನು ಬಗ್ಗಿ ಸೈಕಲ್ಲಿನ ಚೈನು ಸರಿಮಾಡುತ್ತಿದ್ದೆ. ಚೈನು ಕಳಚಿರಲಿಲ್ಲ.

ಎಷ್ಟು ಹೊತ್ತು ಬಗ್ಗಿದ್ದೆನೋ. ಬಟ್ಟೆ ಹರಿದ ಸದ್ದಿಗೆ ಎದ್ದೆ. ಕಾಕಾ ಕತ್ತರಿ ಹಾಕಿ ಮದುವೆಯ ಗಾದಿಯನ್ನು ಉದ್ದಕ್ಕೆ ಸೀಳಿದ್ದರು. ಬೆಳ್ಳನೆಯ ಅರಳೆ ಹೊರಬಿತ್ತು. ಅರಳೆ ನೋಡಿದರೆ ಏನು ತಿಳಿಯುತ್ತದೆ? ಅಷ್ಟರಲ್ಲಿ ಗಾಳಿ ಎದ್ದು ಅರಳೆ ಓಣಿಯ ತುಂಬ ಹಾರಿ ಗಟಾರದ ಕಡೆ ಹೊರಟಿತು. ಆಗ ಆ ಮನುಷ್ಯ, ಹೊಟ್ಟೆಪಾಡು ನಡುಬೀದಿಯಲ್ಲಿ ಹಾರಿ ಹೋಗುತ್ತಿರುವಾಗ, ಕೂಗಿದ್ದು ಇದು:

"ಹಿಡೀರಿ, ಹಿಡೀರಿ! ಗಟಾರಕ್ಕ ಬಿತ್ತಂದ್ರ ಸೀದಾ ಹೊಳಿಗೆ ಹೋಗತೈತಿ!"

ನಾನು ಓಡಿದೆ. ಅದಕ್ಕೆ ಮಾತ್ರ ಎಲ್ಲರಿಗಿಂತ ಮೊದಲು ಓಡಿದೆ.

ಆ ಮದುವೆಗೆ ಫೋಮಿನ ಗಾದಿ ಬಂತು, ಮುಂದಿನ ಮದುವೆಗಳಿಗೂ. ಎರಡು ಹಂಗಾಮು ಕಳೆಯುವುದರಲ್ಲಿ ಅಂಗಡಿ ಮುಚ್ಚಿತು. ಫೋಮು ಹೇಗಿದ್ದರೂ ಬರುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಕಾಕಾ ಮಾತ್ರ ಮರುಭಾನುವಾರ ಎಂದಿನ ಹೊತ್ತಿಗೆ ಹೊಳೆಗೆ ಬಂದರು, ಎಂದಿನಂತೆ ನನ್ನನ್ನು ಬೈದರು. ಒಂದು ಸಲ, "ಸರನ್ನ ಕೇಳ್ರಿ" ಎಂದು ಒಂದೇ ಒಂದು ಸಲ ಅವರು ಬಾಯಿಬಿಟ್ಟಿದ್ದರೆ ನಾನು ಹೇಳಲೇಬೇಕಾಗುತ್ತಿತ್ತು. ಯಾಕೆ ಅನ್ನಲಿಲ್ಲ? ಈ ಸಿಟ್ಟು ಬಹಳ ದಿನ ಕುದಿಯಿತು. ಕೊನೆಗೆ ತಡೆಯದೆ ಕೇಳಿಯೇಬಿಟ್ಟೆ. "ನನ್ನ ಹೆಸರ ಯಾಕ ಹೇಳಲಿಲ್ಲ ಕಾಕಾ ಅವತ್ತ?"

ಅವರು ಮುಳ್ಳಿಗೆ ಸಿಕ್ಕ ಪ್ಲಾಸ್ಟಿಕ್ ಚೀಲ ಬಿಡಿಸುತ್ತಿದ್ದರು. "ನೀವ ಅಲ್ಲೇ ಇದ್ರೆಲ್ಲರಿ ಸರ" ಎಂದರು. ಆಮೇಲೆ, "ಹಿಂದಿನ ಟಾಯರ್ ನೋಡ್ರಿ, ಗಾಳಿ ಇಲ್ಲ."

ಹೋದ ವರ್ಷ ಅವರು ಹೋದರು. ಎದೆಯಲ್ಲಿ ಅರಳೆಯ ಧೂಳು ಕೂತಿತ್ತು ಎಂದರು ಡಾಕ್ಟರು. ಮಣ್ಣಿಗೆ ನಾವು ಭಾನುವಾರದವರು ಎಲ್ಲರೂ ಹೋಗಿದ್ದೆವು. ಒಬ್ಬೊಬ್ಬರಾಗಿ ಮಣ್ಣು ಹಾಕಿ ಬಂದೆವು. ಮನೆಗೆ ಹೋಗಲು ಮನಸ್ಸಾಗದೆ ನಾನು ಬಳೆ ಅಂಗಡಿಯ ಮುಂದೆ ಸೈಕಲ್ಲಿನಿಂದ ಇಳಿದೆ. ಆಕೆ ಒಬ್ಬ ಹೆಣ್ಣುಮಗಳ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ನಿಂತಲ್ಲೇ ಹೇಳಿದೆ: ಕಾಕಾ ತುಂಬಿದ್ದು ಹೊಸ ಅರಳೆ. ಸತ್ತವರದು ನಮ್ಮ ಮನೆಯಲ್ಲಿತ್ತು. ಕೀಲಿ ನನ್ನ ಹತ್ತಿರ ಇತ್ತು.

ಆಕೆ ಬಳೆ ಏರಿಸುವುದನ್ನು ನಿಲ್ಲಿಸಲಿಲ್ಲ. ಕೊನೆಯ ಬಳೆ ಬೆರಳಿನ ಗಂಟು ದಾಟಿದ ಮೇಲೆ ನನ್ನನ್ನು ನೋಡಿದಳು.

"ಇದನ್ನ ಈಗ ಹೇಳತೀರಿ? ಅವತ್ತ ನಿಮ್ಮ ಬಾಯಾಗ ಏನ್ ಅರಳಿ ತುರಕಿದ್ರೇನ್ರಿ ಸರ? ನಾ ಎಲ್ಲಾರ ಮುಂದ ಕೇಳಿದ್ನೆಲ್ಲ, ಹೇಳಾವ್ರ ಯಾರರ ಅದಾರೇನಂತ. ಒಬ್ಬರು ಹೇಳಿದ್ರ ಸಾಕಿತ್ತು. ನನಗೇನ್ ಆ ಫೋಮ್ ಬೇಕಾಗಿತ್ತೇನು? ಮಗಳು ಇವತ್ತಿಗೂ ಬೆನ್ನ ನೋಯತೈತಿ ಅಂತಾಳ."

ಆಕೆ ಮುಂದಿನ ಗಿರಾಕಿಯ ಕೈ ಹಿಡಿದಳು.

ಈಗ ಭಾನುವಾರ ಹೊಳೆಗೆ ಹೊಸದಾಗಿ ಬಂದವರಿಗೆಲ್ಲ ಇದನ್ನು ಹೇಳುತ್ತೇನೆ. ಅವರು ಕೇಳಿರುವುದಿಲ್ಲ. ಕಸ ಎಲ್ಲಿ ಹಾಕಬೇಕು ಎಂದಷ್ಟೇ ಕೇಳಿರುತ್ತಾರೆ. ನಾನು ಓಣಿಯಲ್ಲಿ ಜನ ಸೇರಿದ ಆ ಮಧ್ಯಾಹ್ನದಿಂದ ಶುರು ಮಾಡುತ್ತೇನೆ, ಚೈನಿನ ಸಂಗತಿಯನ್ನೂ ಬಿಡುವುದಿಲ್ಲ. ಬಿಸಿಲು ಏರುತ್ತದೆ. ಕೈಯಲ್ಲಿ ಕಸದ ಚೀಲ ಹಿಡಿದು ಅವರು ಕಾಲು ಬದಲಿಸುತ್ತಾರೆ. ಅವರಿಗೆ ರೇಗುತ್ತದೆ. ರೇಗಲಿ.