ಇನ್ನೂ ನಿನ್ನದಲ್ಲ

ನಮ್ಮವರು ಪಾದ್ರಿ. ಹಾಗಂದರೆ ಅರ್ಧ ಮಾತ್ರ ಹೇಳಿದ ಹಾಗಾಯಿತು. ಭಾನುವಾರದ ಆರಾಧನೆ, ಮದುವೆ, ಮಣ್ಣು, ಇವನ್ನೆಲ್ಲ ಎಲ್ಲ ಅಯ್ಯನವರೂ ಮಾಡುತ್ತಾರೆ. ನಮ್ಮವರಿಗೆ ಬಿಷಪ್ಪರು ಇನ್ನೊಂದು ಕೆಲಸ ಅಂಟಿಸಿದ್ದರು: ಹೊಸದಾಗಿ ದೀಕ್ಷೆ ಪಡೆದವರನ್ನು ಪಳಗಿಸುವುದು. ನಮ್ಮ ಆಂಗ್ಲಿಕನ್ ಸಭೆಯಲ್ಲಿ ಕಾಲೇಜು ಮುಗಿಸಿ ಬಂದ ತಕ್ಷಣ ಯಾರ ಕೈಗೂ ಚರ್ಚು ಕೊಟ್ಟುಬಿಡುವುದಿಲ್ಲ. ಮೊದಲ ಕೆಲವು ವರ್ಷ ಹಿರಿಯರೊಬ್ಬರ ಕೈಕೆಳಗೆ ಇದ್ದು ಕಲಿಯಬೇಕು. ಹಾಗೆ ಬಂದವರೆಲ್ಲ ಪಾಠ ನಮ್ಮವರ ಹತ್ತಿರ ಕೇಳಿದರು, ಚಹಾ ನನ್ನ ಹತ್ತಿರ ಕುಡಿದರು. ಯಾವುದರಿಂದ ಹೆಚ್ಚು ಉಪಯೋಗವಾಯಿತು ಅಂತ ನಾನು ಹೇಳುವುದಿಲ್ಲ, ನಮ್ಮವರಿಗೆ ಬೇಜಾರಾಗುತ್ತದೆ.

ಬಂದವರಿಗೆಲ್ಲ ನಾನು ಒಂದೊಂದು ಹೆಸರು ಇಟ್ಟಿದ್ದೆ. ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಳ್ಳುತ್ತಿದ್ದವನು ಉದ್ದಪ್ಪ. ಮೊದಲ ಮಣ್ಣಿನ ದಿನ ಸತ್ತವರ ಮನೆಯವರಿಗಿಂತ ಜೋರಾಗಿ ಅತ್ತವನು ಅಳುಮುಂಜಿ. ಇಬ್ಬರೂ ಈಗ ಎಲ್ಲೆಲ್ಲೋ ದೊಡ್ಡ ಅಯ್ಯನವರಾಗಿ ಗತ್ತಿನಿಂದ ಓಡಾಡಿಕೊಂಡಿದ್ದಾರೆ. ನಮ್ಮವರು ಅವರಿಗೆ ಕಲಿಸಿದ ರೀತಿಯೇ ವಿಚಿತ್ರ. ಶಿಷ್ಯರು ಪೀಠದಲ್ಲಿ ನಿಂತು ಪ್ರಸಂಗ ಮಾಡುವಾಗ ಇವರು ಕೊನೇ ಬೆಂಚಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಹೊಡೆಯುತ್ತಿದ್ದಾರೆ ಅಂತ ಎಲ್ಲರೂ ನಂಬಿದ್ದರು. ಸೋಮವಾರ ಬೆಳಿಗ್ಗೆ ನಮ್ಮ ಅಡಿಗೆಮನೆ ಮೇಜಿನ ಮುಂದೆ ಕೂರಿಸಿಕೊಂಡು, ಎಲ್ಲಿ ಸುಳ್ಳು ಹೇಳಿದೆ, ಎಲ್ಲಿ ನಿನಗೇ ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿದೆ ಅಂತ ಒಂದೊಂದೇ ಬಿಡಿಸಿ ಇಡುತ್ತಿದ್ದರು. ಆಗ ಆ ಶಿಷ್ಯರ ಮುಖ ನೋಡಬೇಕಿತ್ತು, ಪಾಪ.

ಒಂದು ವಿಷಯದಲ್ಲಿ ಮಾತ್ರ ನಮ್ಮವರು ಬಲು ಕಟ್ಟುನಿಟ್ಟು. ಮೊದಲ ವರ್ಷ ಇವರು ಪೂರ್ತಿ ಪಾದ್ರಿಗಳಲ್ಲ. ಡೀಕನ್ ಅನ್ನುತ್ತಾರೆ. ಹೆಗಲ ಪಟ್ಟಿಯನ್ನು ಒಂದೇ ಭುಜದಿಂದ ಅಡ್ಡಲಾಗಿ ಹಾಕಿಕೊಳ್ಳಬೇಕು. ಮಗುವಿಗೆ ದೀಕ್ಷಾಸ್ನಾನ ಮಾಡಿಸಬಹುದು, ಮಣ್ಣು ಮಾಡಿಸಬಹುದು, ಪ್ರಸಂಗ ಮಾಡಬಹುದು. ಆದರೆ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸ ಆಶೀರ್ವದಿಸುವ ಹಾಗಿಲ್ಲ. ಯಾರ ತಲೆ ಮೇಲಾದರೂ ಕೈಯಿಟ್ಟು, ದೇವರ ಹೆಸರಲ್ಲಿ ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಅಂತ ಹೇಳುವ ಹಾಗೂ ಇಲ್ಲ. ಒಂದು ವರ್ಷ ಕಳೆದು ಬಿಷಪ್ಪರು ಎರಡನೇ ಸಲ ಕೈಯಿಟ್ಟು ದೀಕ್ಷೆ ಕೊಟ್ಟ ಮೇಲೆ ಪಟ್ಟಿ ಎರಡೂ ಭುಜದ ಮೇಲಿಂದ ಮುಂದಕ್ಕೆ ಇಳಿಬೀಳುತ್ತದೆ, ಆಮೇಲೆ ಅವೆಲ್ಲ ಅವರವು. ಆ ಪಟ್ಟಿಗಳಿಗೆ ಇಸ್ತ್ರಿ ಹಾಕಿ ಹಾಕಿ ನನಗೂ ಅಷ್ಟು ತಿಳಿದಿದೆ. ಯಾರಾದರೂ ಕೊಂಚ ಆತುರಪಟ್ಟರೆ ನಮ್ಮವರದು ಒಂದೇ ಮಾತು, “ಇನ್ನೂ ನಿನ್ನದಲ್ಲ.”

ಕೊನೆಗೆ ಬಂದವಳು ಟೀಚರಮ್ಮ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು, ಮೂವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಈ ದಾರಿಗೆ ಬಂದಿದ್ದಳು. ನಮ್ಮವರ ನಿವೃತ್ತಿ ಹತ್ತಿರ ಬಂದಿತ್ತು, ಇವಳೇ ಕಡೇ ಶಿಷ್ಯೆ. ನಾನಂತೂ ಅವಳನ್ನು ಮಗಳ ಥರ ಹಚ್ಚಿಕೊಂಡುಬಿಟ್ಟೆ. ಚಹಾ ಕುಡಿದ ಲೋಟ ತಾನೇ ತೊಳೆದಿಟ್ಟು ಹೋದ ಮೊದಲನೆಯ ಡೀಕನ್ ಅವಳು! ಏನು ಹೇಳಿದರೂ ಚಾಚೂ ತಪ್ಪದೆ ಮಾಡುತ್ತಿದ್ದಳು. ನಗು ಮಾತ್ರ ಬೇಗ ಬರುತ್ತಿತ್ತು, ಆ ನಗುವೇ ಅವಳನ್ನು ಸಿಕ್ಕಿಸಿದ್ದು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಮುದುಕಿಯೊಬ್ಬಳು ಬಾಗಿಲಲ್ಲಿ ಅವಳ ಕೈ ಹಿಡಿದು, ಬೆಳಿಗ್ಗೆ ಸೊಸೆಗೆ ಬಾಯಿಗೆ ಬಂದಂಗೆ ಬೈದುಬಿಟ್ಟೆ, ನನ್ನ ಪಾಪ ಕಳಿ ತಾಯಿ ಅಂದಳು. ಟೀಚರಮ್ಮ ನಗುತ್ತಲೇ ಆಕೆಯ ತಲೆ ಮೇಲೆ ಕೈಯಿಟ್ಟು ಆ ಕ್ಷಮೆಯ ಮಾತು ಪೂರ್ತಿ ಹೇಳಿದಳು. ಮುದುಕಿ ಖುಷಿಯಾಗಿ ಮನೆಗೆ ಹೋಯಿತು. ನಮ್ಮವರು ಮಾತ್ರ ಇವಳನ್ನು ನಿಲುವಂಗಿ ತೊಡುವ ಚಿಕ್ಕ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಅದುವರೆಗೆ ಅವರು ಅಷ್ಟು ಗಟ್ಟಿ ದನಿಯಲ್ಲಿ ಬೈದದ್ದು ನಾನು ಕೇಳೇ ಇರಲಿಲ್ಲ. ಹೊರಗೆ ಹೂದಾನಿಯ ನೀರು ಚೆಲ್ಲುತ್ತಿದ್ದ ನನಗೂ ಕೇಳಿಸಿತು. ಅದು ತಮಾಷೆಗೆ ಆಡೋ ಮಾತಲ್ಲ, ಕೊಡೋ ಹಕ್ಕು ನಿನಗೆ ಬಂದಿಲ್ಲ ಅಂದರು. ಆಮೇಲೆ, “ಸಾಯೋರು ಕೇಳಿದ್ರೂ ಹೇಳಬೇಡ. ನನ್ನನ್ನ ಕರಿ, ಬರ್ತೀನಿ,” ಅಂದರು. ಅವಳು ಸರಿ ಅಯ್ಯ ಅಂದಳು.

ನಮ್ಮ ಚರ್ಚಿನ ಗೋಡೆಗೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಒಬ್ಬರಿದ್ದರು. ಅವರ ಹೆಂಡತಿ ತಪ್ಪದೆ ಆರಾಧನೆಗೆ ಬರೋಳು. ಅವರು ಏಣಿ ಹತ್ತಲು ಮಾತ್ರ ಒಳಗೆ ಬರುತ್ತಿದ್ದರು. ಯಾಕೆ ಕೂರಲ್ಲ ಅಂದರೆ, ನನ್ನ ಬಟ್ಟೆಯ ಬಣ್ಣ ನಿಮ್ಮ ಬೆಂಚಿಗೆ ಹತ್ತುತ್ತೆ ಅಂತ ಹಾರಿಸಿಬಿಡುತ್ತಿದ್ದರು. ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದಾಗ ಅವರನ್ನು ನೋಡಿಕೊಳ್ಳುವ ಕೆಲಸ ನಮ್ಮವರು ಟೀಚರಮ್ಮನಿಗೆ ವಹಿಸಿದರು. ಹೋದವಳು ಉಪದೇಶ ಗಿಪದೇಶ ಏನೂ ಮಾಡಲಿಲ್ಲ. ದಿನಾ ಹೋಗಿ ಪಕ್ಕದಲ್ಲಿ ಕೂತು, ಯಾವ ಬಣ್ಣಕ್ಕೆ ಯಾವುದು ಬೆರೆಸಬೇಕು ಅಂತ ಕೇಳಿಸಿಕೊಂಡು ಬರುತ್ತಿದ್ದಳು. ಸೋಮವಾರ ಅದನ್ನು ವರದಿ ಮಾಡಿದಾಗ ನಮ್ಮವರು ಕಣ್ಣು ಮುಚ್ಚಿಕೊಂಡೇ ತಲೆದೂಗಿದರು. ಅವರಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕಂಡಿಲ್ಲ.

ಅವಳ ಎರಡನೇ ದೀಕ್ಷೆಗೆ ಎರಡು ವಾರ ಇತ್ತು. ಈ ಸಲ ಯಾರಿಗೆಲ್ಲ ದೀಕ್ಷೆ ಅಂತ ತೀರ್ಮಾನಿಸಲು ಬಿಷಪ್ಪರ ಕಚೇರಿಯಲ್ಲಿ ಮೀಟಿಂಗು. ನಮ್ಮವರು ಹೋದದ್ದೇ ಅವಳ ಪರವಾಗಿ ಮಾತಾಡಲು. ಅಲ್ಲಿ ಒಳಗೆ ಹೋಗುವಾಗ ಫೋನುಗಳನ್ನೆಲ್ಲ ಬಾಗಿಲ ಹತ್ತಿರದ ಬುಟ್ಟಿಗೆ ಹಾಕಿಸಿಕೊಳ್ಳುತ್ತಾರೆ. ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದೆ, ಟೀಚರಮ್ಮನ ಫೋನು ಬಂತು. ಪೇಂಟರಿಗೆ ಕಾಯಿಲೆ ಜೋರಾಗಿದೆ, ಅಯ್ಯನವರು ಫೋನು ಎತ್ತುತ್ತಿಲ್ಲ ಅಂದಳು. ಹೆಂಡತಿಯನ್ನು ಹೊರಗೆ ಕಳಿಸಿ ಪೇಂಟರ್ ಇವಳ ಹತ್ತಿರ ಏನೋ ಹೇಳಿಕೊಂಡರಂತೆ. ಯಾವ ಕಾಲದ್ದೋ, ಯಾರಿಗೆ ಮಾಡಿದ್ದೋ, ಅದನ್ನು ಅವಳು ಇವತ್ತಿನವರೆಗೂ ಬಾಯಿಬಿಟ್ಟಿಲ್ಲ, ನಾವೂ ಕೇಳಿಲ್ಲ. ಹೇಳಿಕೊಂಡಾದ ಮೇಲೆ ಕ್ಷಮೆಯ ಮಾತು ಹೇಳು ಅಂತ ಕೇಳುತ್ತಿದ್ದಾರೆ, ಅಯ್ಯನವರನ್ನು ಕಳಿಸಿ ಅಮ್ಮ ಅಂದಳು.

ಒದ್ದೆ ಬಟ್ಟೆ ಅಲ್ಲೇ ಬಿಟ್ಟು, ಮನೆ ಚಪ್ಪಲಿಯಲ್ಲೇ ಟ್ಯಾಕ್ಸಿ ಹತ್ತಿದೆ. ಕಚೇರಿಯ ಗುಮಾಸ್ತ ಮೀಟಿಂಗ್ ನಡೀತಿದೆ, ಒಳಗೆ ಬಿಡೋ ಹಾಗಿಲ್ಲ ಅಂದ. ಅವನನ್ನು ಪಕ್ಕಕ್ಕೆ ತಳ್ಳಿ ಬಾಗಿಲು ತೆಗೆದೆ. ಬಿಷಪ್ಪರ ಮುಂದೆ ನನ್ನ ಅವತಾರ ಹೇಗಿತ್ತೋ ಆ ದೇವರಿಗೇ ಗೊತ್ತು. ನಮ್ಮವರು ನನ್ನ ಮುಖ ನೋಡಿದವರೇ ಎದ್ದು ಬಂದರು. ಆಸ್ಪತ್ರೆಯ ದಾರಿಯಲ್ಲಿ ಸೇತುವೆ ಮೇಲೆ ಗಾಡಿಗಳು ನಿಂತುಬಿಟ್ಟಿದ್ದವು. ಇವರು ಇಳಿದು, ಮೊದಲೇ ಕೆಟ್ಟಿದ್ದ ಮೊಣಕಾಲು ಎಳೆದುಕೊಂಡು ಓಡತೊಡಗಿದರು. ನಾನು ಹಿಂದೆ.

ನಾವು ಹೋದಾಗ ಮುಗಿದಿತ್ತು. ಮಂಚದ ಸುತ್ತ ಪರದೆ ಎಳೆದಿದ್ದರು. ಪೇಂಟರ ಹೆಂಡತಿ ಒಂದು ಕಡೆ ಕೂತಿದ್ದಳು, ಟೀಚರಮ್ಮ ಇನ್ನೊಂದು ಕಡೆ ಅವರ ಕೈ ಹಿಡಿದುಕೊಂಡೇ ಇದ್ದಳು. ಆ ಉಗುರುಗಳ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣ ಇತ್ತು. ಅವಳು ಕೀರ್ತನೆ ಓದಿದ್ದಳು, ಪ್ರಾರ್ಥನೆ ಮಾಡಿದ್ದಳು, ಅಯ್ಯನವರು ಬರ್ತಿದ್ದಾರೆ ಅಂತ ಸಮಾಧಾನ ಹೇಳಿದ್ದಳು. ಆ ಒಂದು ಮಾತು ಮಾತ್ರ ಹೇಳಿರಲಿಲ್ಲ. ಅವರು ಬಾಗಿಲನ್ನೇ ನೋಡುತ್ತಾ ಜೀವ ಬಿಟ್ಟಿದ್ದರು.

ನಮ್ಮವರು ಸತ್ತವರಿಗೆ ಹೇಳಬೇಕಾದ ಪ್ರಾರ್ಥನೆ ಹೇಳಿ ಮುಗಿಸಿ, ಅವಳನ್ನು ವರಾಂಡಕ್ಕೆ ಕರೆದರು. ನೀನು ಮಾಡಿದ್ದು ಸರಿ ಅಂದರು. ಅವಳು ನೆಲ ನೋಡುತ್ತಲೇ, “ಸರಿ ಅಂತ ಗೊತ್ತು ಅಯ್ಯ. ಅದಕ್ಕೇ ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ,” ಅಂದಳು.

ಮಣ್ಣು ಆದ ಮಾರನೇ ದಿನ ಅವಳು ನಮ್ಮ ಅಡಿಗೆಮನೆಗೆ ಬಂದು ಹೆಗಲ ಪಟ್ಟಿಯನ್ನು ಅಚ್ಚುಕಟ್ಟಾಗಿ ಮಡಿಸಿ ಮೇಜಿನ ಮೇಲೆ ಇಟ್ಟಳು. ದೀಕ್ಷೆ ಬೇಡ, ಶಾಲೆಗೆ ವಾಪಸ್ ಹೋಗುತ್ತೇನೆ ಅಂದಳು. ಬೇಡಿದವರಿಗೆ ಕೊಡದೇ ಇದ್ದದ್ದನ್ನು ಇನ್ನೊಬ್ಬರಿಗೆ ಯಾವ ಬಾಯಿಂದ ಕೊಡಲಿ ಅಂತ ಕೇಳಿದಳು. ಚಹಾ ಇಟ್ಟೆ, ಅವಳು ಕುಡಿಯಲಿಲ್ಲ.

ಅವಳು ಹೋದ ಮೇಲೆ ನನಗೆ ಮೈಯೆಲ್ಲ ಉರಿಯಿತು. ಗಂಡನ ಮುಂದೆ ಹೋಗಿ ನಿಂತೆ. ಅಲ್ಲಾ ರೀ, ದೇವರು ನಿಮ್ಮ ಹೆಗಲ ಮೇಲಿನ ಬಟ್ಟೆ ನೋಡಿಕೊಂಡು ಕ್ಷಮಿಸ್ತಾನಾ ಅಂತ ಕೇಳಿದೆ. ಅವರು ಇಲ್ಲ ಅಂದರು. ದೇವರು ನಿನ್ನ ಕೈಬಿಟ್ಟಿಲ್ಲ, ನಿನ್ನನ್ನು ಕ್ಷಮಿಸ್ತಾನೆ ಅಂತ ಸಾಯುವವರಿಗೆ ಧೈರ್ಯ ಹೇಳಲು ಯಾವ ದೀಕ್ಷೆಯೂ ಬೇಕಿಲ್ಲ, ನೀನೂ ಹೇಳಬಹುದಿತ್ತು, ನರ್ಸೂ ಹೇಳಬಹುದಿತ್ತು ಅಂದರು. ಮತ್ತೆ ಅದನ್ನು ಅವಳಿಗೆ ಯಾಕೆ ಹೇಳಿಕೊಡಲಿಲ್ಲ ಅಂದೆ. ಅವರು ಮೇಜಿನ ಮೇಲಿದ್ದ ಪಟ್ಟಿಯನ್ನು ಕೈಗೆತ್ತಿಕೊಂಡರು. “ಬೇಲಿ ಹಾಕೋದು ಕಲಿಸಿದೆ ಕಣೇ. ಗೇಟು ಎಲ್ಲಿದೆ ಅಂತ ತೋರಿಸಲಿಲ್ಲ,” ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

ಎರಡು ದಿನ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಮೂರನೇ ದಿನ ಅವಳ ರೂಮಿಗೆ ಹೋಗೋಣ ಬಾ ಅಂದರು. ಮೇಲಿನ ಮಹಡಿ, ಲಿಫ್ಟು ಕೆಟ್ಟಿತ್ತು. ಒಂದೊಂದು ತಿರುವಿನಲ್ಲೂ ನಿಂತು ಸುಧಾರಿಸಿಕೊಂಡು ಹತ್ತಿದರು. ಅವಳು ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಸಿಟ್ಟಿದ್ದಳು. ಕೂರಲು ಇದ್ದದ್ದು ಒಂದೇ ಕುರ್ಚಿ. ಅದನ್ನು ನನಗೆ ಕೊಟ್ಟು ಅವರು ನಿಂತೇ ಮಾತಾಡಿದರು. ಇರು ಅಂತ ಒತ್ತಾಯ ಮಾಡಲು ಬಂದಿಲ್ಲ, ಕೇಳಿಕೊಳ್ಳಲು ಬಂದಿದ್ದೇನೆ ಅಂದರು. ಆ ಮನುಷ್ಯನಿಗೂ ನಿನಗೂ ನಡುವೆ ನಿಂತವನು ನಾನು, ಈ ತಪ್ಪಿಗೆ ನನಗೆ ಕ್ಷಮೆಯ ಮಾತು ಬೇಕು, ಬಿಷಪ್ಪರ ಹತ್ತಿರ ಹೋದರೆ ಅವರು ಹೇಳುತ್ತಾರೆ, ಆದರೆ ಅವರು ಆ ಮಂಚದ ಪಕ್ಕ ಕೂತವರಲ್ಲ ಅಂದರು.

“ನನಗೆ ನೀನು ಹೇಳಬೇಕು. ಇವತ್ತು ಬೇಡ, ಇನ್ನೂ ನಿನ್ನದಲ್ಲ. ನಿನ್ನದಾದ ದಿನ ಹೇಳು.”

“ನಾನು ಬರದೇ ಹೋದ್ರೆ?”

“ಪೇಂಟರ್ ಕಾದ ಹಾಗೆ ಕಾಯ್ತೀನಿ.”

ಅವಳು ಕಿಟಕಿ ಕಡೆ ತಿರುಗಿ ನಿಂತಳು, ನಾವು ಹೊರಟರೂ ತಿರುಗಲಿಲ್ಲ. ಮೆಟ್ಟಿಲು ಇಳಿಯುತ್ತಾ ನಾನು ಸುಮ್ಮನಿರಲಾಗದೆ, ಇದಕ್ಕಿಂತ ದೊಡ್ಡ ಒತ್ತಾಯ ಇನ್ನೇನಿದೆ ರೀ ಅಂದೆ. ಹೌದು ಅಂದರು. ವಾದ ಮಾಡುತ್ತಾರೆ ಅಂದುಕೊಂಡಿದ್ದೆ.

ಆ ಭಾನುವಾರ ಇನ್ನೊಬ್ಬ ಅಯ್ಯನವರನ್ನು ಕರೆಸಿ ಆರಾಧನೆ ಮಾಡಿಸಿದರು. ತಾವು ಕೊನೇ ಬೆಂಚಲ್ಲಿ ಕೂತರು. ಕರ್ತನ ಭೋಜನಕ್ಕೆ ಎಲ್ಲರೂ ಎದ್ದು ಮುಂದೆ ಹೋದರೂ, ಕ್ಷಮೆಗೆ ಕಾಯುತ್ತಿದ್ದ ಇವರು ಏಳಲಿಲ್ಲ. ಈ ಸಲ ಕಣ್ಣು ತೆರೆದೇ ಇತ್ತು. ಜನ ಗುಸುಗುಸು ಅಂದರು, ಹುಷಾರಿಲ್ಲವಾ ಅಂತ ನನ್ನನ್ನು ಕೇಳಿದರು. ಮೊಣಕಾಲು ನೋವು ಅಂದೆ. ಪೇಂಟರ ಹೆಂಡತಿ ಮಾತ್ರ ಏನೂ ಕೇಳದೆ ಬಂದು ಇವರ ಪಕ್ಕ ಕೂತುಕೊಂಡಳು. ಇವರು ಅವಳ ಮನೆಗೆ ಹೋಗಿ ತಮ್ಮ ತಪ್ಪನ್ನೆಲ್ಲ ಹೇಳಿ ಬಂದಿದ್ದರಂತೆ. ನನಗೂ ತಿಳಿಸಿರಲಿಲ್ಲ.

ದೀಕ್ಷೆಯ ದಿನ ಬೆಳಿಗ್ಗೆ ನಾನು ಅವಳ ಪಟ್ಟಿಗೆ ಇಸ್ತ್ರಿ ಹಾಕಿ ಚೀಲದಲ್ಲಿ ಇಟ್ಟುಕೊಂಡು ಹೊರಟೆ. ಮೀಟಿಂಗಿನಲ್ಲಿ ಅವಳ ಹೆಸರಿಗೆ ಒಪ್ಪಿಗೆ ಸಿಕ್ಕಿತ್ತು, ಅವಳು ಬೇಡ ಅಂದದ್ದನ್ನು ನಮ್ಮವರು ಬಿಷಪ್ಪರಿಗೆ ತಿಳಿಸಿರಲಿಲ್ಲ. ಆದರೂ ಬರುತ್ತಾಳೆ ಅಂತ ಯಾರೂ ಹೇಳಿರಲಿಲ್ಲ. ಬಿಷಪ್ಪರ ದೊಡ್ಡ ಚರ್ಚಿನ ಬಾಗಿಲಲ್ಲಿ ನಿಂತು ಬರುವವರ ಮುಖಗಳನ್ನೇ ನೋಡಿದೆ. ಗಂಟೆ ಬಾರಿಸಲು ಶುರು ಮಾಡಿದ ಮೇಲೆ ಪೇಂಟರ ಹೆಂಡತಿ ಬಂದಳು. ಅವಳ ಹಿಂದೆ ಟೀಚರಮ್ಮ. ಆಕೆಯೇ ರೂಮಿಗೆ ಹೋಗಿ ಕರೆತಂದಿದ್ದಳು. ಏನು ಹೇಳಿ ಒಪ್ಪಿಸಿದೆ ಅಂತ ಆಮೇಲೆ ಕೇಳಿದೆ. ನನ್ನ ಗಂಡನ ಕೈ ಕೊನೇವರೆಗೂ ಬಿಡಲಿಲ್ಲವಲ್ಲ, ಈಗ ಯಾಕೆ ಬಿಡ್ತೀಯ ಅಂದೆ, ಅಷ್ಟೇ ಅಂದಳು. ನಾನು ಪಟ್ಟಿ ತೆಗೆದು ಟೀಚರಮ್ಮನ ಕೈಗೆ ಕೊಟ್ಟೆ.

ಬಿಷಪ್ಪರು ಕೈಯಿಟ್ಟರು. ಸುತ್ತ ನಿಂತ ಅಯ್ಯನವರುಗಳ ಜೊತೆ ನಮ್ಮವರೂ ಕೈಚಾಚಿದರು. ಪಟ್ಟಿ ಎರಡೂ ಭುಜದ ಮೇಲಿಂದ ಇಳಿಬಿತ್ತು. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಗದ್ದಲದಲ್ಲಿದ್ದಾಗ ಅವಳು ನಮ್ಮಿಬ್ಬರನ್ನೂ ಪೇಂಟರ ಹೆಂಡತಿಯನ್ನೂ ಪಕ್ಕದ ಕೋಣೆಗೆ ಕರೆದಳು. ನಿಲುವಂಗಿಗಳು ಸಾಲಾಗಿ ನೇತುಹಾಕಿದ್ದ ಕೋಣೆ. ನಮ್ಮವರು ಗೋಡೆ ಹಿಡಿದುಕೊಂಡು, ಕಷ್ಟಪಟ್ಟು ಅವಳ ಮುಂದೆ ಮಂಡಿಯೂರಿದರು.

ಅವಳು ತಲೆ ಮೇಲೆ ಕೈಯಿಟ್ಟಳು. ಪುಸ್ತಕ ತೆಗೆಯಲಿಲ್ಲ. ಕ್ಷಮೆಯ ಮಾತನ್ನು ನಿಧಾನವಾಗಿ ಒಂದು ಅಕ್ಷರ ಬಿಡದೆ ಹೇಳಿದಳು. ಉಸಿರು ಒಂದೆರಡು ಸಲ ಎಳೆದುಕೊಳ್ಳುವಷ್ಟರಲ್ಲಿ ಮುಗಿದೇ ಹೋಯಿತು. ಅವಳು ಕೈ ತೆಗೆಯದೆ ಹಾಗೇ ನಿಂತಿದ್ದಳು.

“ಇಷ್ಟೇನಾ ಅಯ್ಯ?” ಅಂದಳು. “ಅವರು ಕೇಳಿದ್ದು ಇಷ್ಟೇನಾ?”

ನಮ್ಮವರು ಹೌದು ಅಂದರು. ಅಷ್ಟು ದಿನ ಕಣ್ಣೀರು ಹಾಕದವಳು ಆಗ ಗೋಳೋ ಅಂತ ಅತ್ತಳು. ಪೇಂಟರ ಹೆಂಡತಿ ಹೋಗಿ ಅವಳನ್ನು ತಬ್ಬಿಕೊಂಡಳು. ನಮ್ಮವರನ್ನು ಎಬ್ಬಿಸಲು ನನ್ನೊಬ್ಬಳ ಕೈಲಿ ಆಗಲಿಲ್ಲ, ಆಮೇಲೆ ಮೂವರೂ ಸೇರಿ ಎತ್ತಿ ನಿಲ್ಲಿಸಿದೆವು.